ಒಂದು ರೊಟ್ಟಿಯಷ್ಟು ಉಸಿರು

ಅಲ್ಲಪ್ಪ ಸಾಯುವ ಹಿಂದಿನ ದಿನ ರೊಟ್ಟಿ ದೊಡ್ಡದಾಯಿತು ಅಂತ ಜಗಳ ತೆಗೆದಿದ್ದ.

ಬೆಳಗಿನ ಹೊತ್ತು. ಶಿವಗಂಗವ್ವ ಒಲೆಯ ಮುಂದೆ ಕೂತಿದ್ದಳು. ಗಂಡನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಅದು ತಾಟು ದಾಟಿ ಎರಡೂ ಕಡೆ ಜೋತುಬಿತ್ತು. ಅಲ್ಲಪ್ಪ ಅದನ್ನು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದನ್ನ ಉಣ್ಣಾಕ ಕೊಟ್ಟಿಯೋ, ಹೊದಿಯಾಕ ಕೊಟ್ಟಿಯೋ?"

"ಹೊದ್ದು ಉಳದದ್ದನ್ನ ಉಣ್ರಿ," ಅಂದಳು ಆಕೆ.

ಅವನು ರೊಟ್ಟಿಯನ್ನು ರುಮಾಲಿನ ಮೇಲೆ ಕೊಡೆಯ ಹಾಗೆ ಇಟ್ಟುಕೊಂಡು ಅಂಗಳಕ್ಕೆ ಹೋದ. ಅಲ್ಲಿ ಹುತುತು ಆಡುವ ಹುಡುಗರು ಮೈಯ ಮಣ್ಣು ಕೊಡವುತ್ತ ನಿಂತಿದ್ದರು. ನಿಮ್ಮ ಕಾಕು ನನಗ ಹೊಸ ಮಾಳಿಗಿ ಕಟ್ಟಿಸಿಕೊಟ್ಟಾಳ ನೋಡ್ರೋ ಅಂತ ಅವರ ನಡುವೆ ಒಂದು ಸುತ್ತು ತಿರುಗಿದ. ಹುಡುಗರು ನಕ್ಕರು. ಬಾಜೂ ಮನೆಯ ಲಕ್ಕವ್ವ ಗೋಡೆಯ ಮೇಲಿಂದ ಇಣುಕಿ ನಕ್ಕಳು. ರೊಟ್ಟಿಯ ಬಿಸಿ ನೆತ್ತಿಗೆ ಇಳಿಯಿತೋ ಏನೋ, ಒಳಗೆ ಬಂದು ಅದೇ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡ. ಇನ್ನೊಂದು ಕೇಳಿದ. ಆಡಿಕೊಂಡವರಿಗೆ ಎರಡನೆಯದು ಇಲ್ಲ ಅಂತ ಶಿವಗಂಗವ್ವ ಕೊಡಲಿಲ್ಲ.

ಆ ದಿನ ಇಷ್ಟೇ. ಬೇರೆ ಏನೂ ನಡೆಯಲಿಲ್ಲ. ಎಮ್ಮೆ ಒದೆಯದೆ ಹಾಲು ಕೊಟ್ಟಿತು.

ಮರುದಿನ ಅವನು ಬುತ್ತಿ ಕಟ್ಟಿಸಿಕೊಂಡು ಬಾವಿಯ ಹೊಲಕ್ಕೆ ಹೋದ. ಬಿಸಿಲು ಏರಿದಾಗ ಒಡ್ಡಿನ ಮೇಲೆ ಕೂತ. ಕೂತವನು ಏಳಲಿಲ್ಲ. ಬುತ್ತಿಯ ಗಂಟು ಬಿಚ್ಚಿರಲಿಲ್ಲ.

ಮೇಲವಂಕಿಯಲ್ಲಿ ಅವನನ್ನು ಎಲ್ಲರೂ ವಸ್ತಾದ ಅನ್ನುತ್ತಿದ್ದರು. ಹರೆಯದಲ್ಲಿ ಕುಸ್ತಿ ಹಿಡಿದಿದ್ದ. ಒಂದು ಕುಸ್ತಿಯಲ್ಲಿ ಹೆಗಲು ಜಾರಿತು, ಮತ್ತೆ ಸರಿಯಾಗಿ ಕೂರಲಿಲ್ಲ. ಕುಸ್ತಿ ಬಿಟ್ಟ. ಸುಮ್ಮನೆ ಕೂರುವ ಜಾತಿಯವನಲ್ಲ, ಊರ ಹುಡುಗರನ್ನು ಕೂಡಿಸಿ ಹುತುತು ಕಲಿಸತೊಡಗಿದ.

ಹುತುತು ಅಂದರೆ ಏನೂ ಇಲ್ಲದವರ ಆಟ. ಚೆಂಡು ಬೇಡ, ಕೋಲು ಬೇಡ. ಒಂದು ಬಯಲು, ನಡುವೆ ಒಂದು ಗೆರೆ, ಆಚೆ ಒಂದು ಊರು, ಈಚೆ ಒಂದು ಊರು. ಒಬ್ಬನು ಹುತುತುತು ಅನ್ನುತ್ತ ಒಂದೇ ಉಸಿರಿನಲ್ಲಿ ಗೆರೆ ದಾಟಿ ಹೋಗಬೇಕು. ಉಸಿರು ಕಡಿಯುವುದರೊಳಗೆ ಯಾರನ್ನಾದರೂ ಮುಟ್ಟಿ ಗೆರೆಗೆ ಮರಳಿದರೆ ಮುಟ್ಟಿಸಿಕೊಂಡವನು ಸತ್ತ. ಅವರು ಹಿಡಿದು ಕೆಡವಿ ಉಸಿರು ಕಡಿಸಿದರೆ ಹೋದವನೇ ಸತ್ತ. ಸತ್ತವರು ಹೊರಗೆ ಕೂರಬೇಕು. ಯಾವ ಊರಿನವರು ಎಲ್ಲರೂ ಸತ್ತರೋ ಆ ಊರು ಸೋತಿತು. ಆ ಆಟದಲ್ಲಿ ಸತ್ತವರು ಸಂಜೆಗೆ ಎದ್ದು ಮನೆಗೆ ಹೋಗುತ್ತಾರೆ.

ಜೋಳದ ಸುಗ್ಗಿ ಮುಗಿದು ಕಣ ಬರಿದಾದರೆ ಆಟದ ಕಾಲ ಶುರು. ರೋಹಿಣಿ ಮಳೆ ಬಿದ್ದು ಕೂರಿಗೆ ಎತ್ತಿದರೆ ಮುಗಿಯಿತು. ಅಷ್ಟು ದಿನ ಅಲ್ಲಪ್ಪನಿಗೆ ಹೊಲ ಕಾಣುತ್ತಿರಲಿಲ್ಲ, ಮನೆ ಕಾಣುತ್ತಿರಲಿಲ್ಲ. ಹುಡುಗರ ಮೊಣಕಾಲು ಕಾಣುತ್ತಿದ್ದವು. ಹಿಡಿಯುವವನು ಎದುರಿನವನ ಕಾಲು ನೋಡಬೇಕು, ಕಣ್ಣು ಸುಳ್ಳು ಹೇಳತಾವ ಅನ್ನುತ್ತಿದ್ದ. ಉಪವಾಸ ಇದ್ದವನಿಗೆ ಬೈಬ್ಯಾಡ, ಉಂಡ ಮ್ಯಾಲ ಬೈ, ಬೈಗುಳ ಒಳಗ ಉಳೀತೈತಿ ಅನ್ನುತ್ತಿದ್ದ. ಆ ಉಣ್ಣಿಸುವ ಕೆಲಸ ಯಾರದು ಅಂತ ಮಾತ್ರ ಹೇಳುತ್ತಿರಲಿಲ್ಲ.

ಅವನಿಗೆ ಎರಡು ಹೆಮ್ಮೆ. ಒಂದು ಅವನ ಪಡೆ, ಇನ್ನೊಂದು ಅವನ ಮೀಸೆ. ಎರಡರಲ್ಲಿ ಮೀಸೆ ಚಲೋ ಇತ್ತು.

ಹೆಣ್ಣು ನೋಡಲು ಬಂದಾಗ ಬಾಗಿಲೊಳಗೆ ಮೊದಲು ಮೀಸೆ ಬಂತು, ಹಿಂದಿನಿಂದ ಅಂವ ಬಂದ ಅಂತ ಶಿವಗಂಗವ್ವ ಹೇಳುತ್ತಿದ್ದಳು. ಆ ಮೀಸೆಗೂ ಆಕೆಗೂ ದಿನಾ ಜಗಳ. ಆಕೆ ಬೆಣ್ಣೆ ತೆಗೆದು ಗಡಿಗೆಗೆ ಹಾಕುವಷ್ಟರಲ್ಲಿ ಒಂದು ಬೆರಳು ಬಂದು ಇಳಿಯುತ್ತಿತ್ತು. ಎಡಕ್ಕೆ ಅರ್ಧ, ಬಲಕ್ಕೆ ಅರ್ಧ. ಮಧ್ಯಾಹ್ನದ ಬಿಸಿಲಿಗೆ ಅದು ಕರಗಿ ಗದ್ದಕ್ಕೆ ಇಳಿದು ನೊಣ ಮುತ್ತುತ್ತಿದ್ದವು. ನೊಣಕ್ಕ ಹಾಕೂ ಬೆಣ್ಣಿ ಹುಡುಗರಿಗೆ ಹಾಕ್ರಿ, ಅವರು ಒಂದ ಆಟಾರ ಗೆದ್ದಾರು ಅಂತ ಆಕೆ ಅನ್ನುವುದು, ಆಟದ ಮಾತು ಒಲಿ ಮುಂದ ಕೂತವರಿಗೆ ತಿಳಿಯಂಗಿಲ್ಲ ಅಂತ ಅವನು ಅನ್ನುವುದು.

ಮೂವತ್ತೇಳನೇ ಇಸವಿ. ಬಿಳಿಜೋಳ ಚಲೋ ಬಂದಿತ್ತು. ಪಡೆಯೂ ನೋಡಲು ಚಲೋ ಇತ್ತು. ಕುರಿ ಕಾಯುವವರ ಮನೆಯ ಬೀರಸಿದ್ದಪ್ಪ ಉದ್ದ ಕಾಲಿನವನು, ಓಡಿದರೆ ನಾಯಿಯೂ ಹಿಂದೆ ಉಳಿಯುತ್ತಿತ್ತು. ಓಣಿಯ ಸೋಮಪ್ಪ ಕುಳ್ಳ, ಹಿಡಿದರೆ ಬಿಡುತ್ತಿರಲಿಲ್ಲ, ಮಾತನ್ನೂ ಬಿಡುತ್ತಿರಲಿಲ್ಲ. ಉಳಿದವರು ಅವರಿಬ್ಬರನ್ನು ನೋಡಿ ಆಡುವವರು.

ಮೊದಲ ಆಟ ಮೂಡಲಗಿಯಲ್ಲಿ. ಸೋತು ಬಂದರು. ಕಾಲಿನ ತಪ್ಪಲ್ಲ, ಕೈಯ ತಪ್ಪಲ್ಲ. ಉಸಿರು ಸಾಲಲಿಲ್ಲ. ಬೀರಸಿದ್ದಪ್ಪ ಎದುರಿನವನನ್ನು ಮುಟ್ಟಿ ತಿರುಗುವಾಗ ಗೆರೆಯ ಹತ್ತಿರವೇ ಹುತುತು ನಿಂತುಹೋಯಿತು. ಒಂದು ಸಲ ಅಲ್ಲ, ಸಲಸಲಕ್ಕೂ ಅದೇ.

ಆ ಆಟ ನೋಡಲು ಹುಕ್ಕೇರಿಯ ಶಿದ್ಲಿಂಗಪ್ಪ ಬಂದಿದ್ದ. ಅವನೂ ವಸ್ತಾದ. ಅವನದೂ ಮೀಸೆ, ಹೋರಿಯ ಕೋಡಿನ ಹಾಗೆ ಮೇಲಕ್ಕೆ ತಿರುಗಿದ್ದು. ಸೋತವರು ಗಾಡಿ ಹೂಡುವಾಗ ಅವನು ಹತ್ತಿರ ಬಂದು ಗಾಲಿಗೆ ಕಾಲು ಕೊಟ್ಟು ನಿಂತ.

"ಅಲ್ಲಪ್ಪ, ನಿನ್ನ ಮೀಸಿ ಗೋಕಾವಿ ಮಟಾ ಐತಿ. ನಿನ್ನ ಹುಡುಗರ ಉಸುರು ಗೆರಿ ಮಟಾನೂ ಇಲ್ಲ."

ಅಲ್ಲಪ್ಪ ಬಾಯಿ ಬಿಟ್ಟ. ಬಿಡಬಾರದಿತ್ತು. ರೋಹಿಣಿ ಮಳೆಗೆ ಮುಂಚೆ ಹುಕ್ಕೇರಿಯ ಬಯಲಿನಲ್ಲೇ ಆಡೋಣ, ಸೋತ ವಸ್ತಾದ ಎಲ್ಲರ ಮುಂದೆ ಮೀಸೆ ಬೋಳಿಸಿಕೊಂಡು ಮುಂದಿನ ಸುಗ್ಗಿಯ ತನಕ ಹಾಗೇ ಇರಬೇಕು ಅಂದ. ಶಿದ್ಲಿಂಗಪ್ಪ ಹೂಂ ಅಂದ. ಇಬ್ಬರೂ ಕೈ ಮೇಲೆ ಕೈ ಹಾಕಿದರು. ಆಟಕ್ಕೆ ಪಂಚನಾಗಿ ಯಮಕನಮರಡಿಯ ಭೀಮರಾಯನನ್ನು ಕರೆಯುವುದು ಅಂತ ಅಲ್ಲೇ ಠರಾವಾಯಿತು.

ಅದು ಸಣ್ಣ ಮಾತಲ್ಲ. ಲಿಂಗವಂತರ ಮನೆಯಲ್ಲಿ ಸತ್ತವರಿಗಾಗಿ ಸಹ ಮೀಸೆ ತೆಗೆಯುವ ರೂಢಿ ಇಲ್ಲ. ತಂದೆಯನ್ನು ಮಣ್ಣು ಮಾಡಿ ಬಂದರೂ ಉಳಿಯುವ ಮೀಸೆ ಒಂದು ಹುತುತುದಲ್ಲಿ ಹೋಯಿತು ಅಂದರೆ, ಆ ಗಂಡಸು ಸಂತೆಯಲ್ಲಿ ಬದನೆಕಾಯಿಯ ದರ ಕೇಳಿದರೂ ಜನ ನಗುತ್ತಾರೆ.

ಸುದ್ದಿಯನ್ನು ಶಿವಗಂಗವ್ವನಿಗೆ ಅವನು ಹೇಳಲಿಲ್ಲ, ಲಕ್ಕವ್ವ ಹೇಳಿದಳು. ಬೆಣ್ಣೆ ಉಳಿಯಿತು ಬಿಡು ಅಂತ ಶಿವಗಂಗವ್ವ ನಕ್ಕಳು. ಮಧ್ಯಾಹ್ನ ಅವನು ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ಹತ್ತಿರ ಹೋಗಿ ಅವನ ಮೂಗಿನ ಕೆಳಗೆ ತನ್ನ ಕೈ ಅಡ್ಡ ಹಿಡಿದು ನೋಡಿದಳು. ಯಾರೋ ಬೇರೆಯವರ ಗಂಡ ಮಲಗಿದ ಹಾಗೆ ಕಂಡಿತು. ಕೈ ತೆಗೆದಳು. ಮತ್ತೆ ನಗಲಿಲ್ಲ.

ಉಸಿರು ಬೆಳೆಸಬೇಕು. ಬೆಳೆಸಬೇಕು ಅಂದರೆ ಅಳೆಯಬೇಕು. ಊರಲ್ಲಿ ಇದ್ದದ್ದು ಒಂದೇ ಗಡಿಯಾರ, ಅದು ಗೌಡರ ಅಂಗಿಯ ಕಿಸೆ ಬಿಟ್ಟು ಬರುತ್ತಿರಲಿಲ್ಲ. ಅಲ್ಲಪ್ಪ ಬಾಯಲ್ಲಿ ಎಣಿಸಿ ನೋಡಿದ. ನಡುವೆ ಸೋಮಪ್ಪ ಏನಾದರೂ ಅನ್ನುತ್ತಿದ್ದ, ಅದಕ್ಕೆ ಇವನು ಉತ್ತರ ಕೊಡುತ್ತಿದ್ದ, ಎಣಿಕೆ ಹಾದಿ ತಪ್ಪುತ್ತಿತ್ತು.

ಒಂದು ಮುಂಜಾನೆ ಹುಡುಗರು ಹಿತ್ತಲಲ್ಲಿ ನಿಂತು ಹುತುತು ಅನ್ನುತ್ತಿದ್ದರು. ಗೋಡೆಯ ಈಚೆ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಪಟಪಟ. ಅಲ್ಲಪ್ಪ ಕಿವಿಗೊಟ್ಟ. ಹಿಟ್ಟಿನ ಉಂಡೆ ಕಲ್ಲಿನ ಮೇಲೆ ಬಿದ್ದಾಗ ಶುರುವಾದ ಸದ್ದು, ರೊಟ್ಟಿ ಹಂಚಿಗೆ ಹೋದಾಗ ನಿಲ್ಲುತ್ತಿತ್ತು. ದಿನಾ ಅದೇ ಕೈ, ಅದೇ ಹಿಟ್ಟು, ಅದೇ ರೊಟ್ಟಿ.

ಅಂದಿನಿಂದ ಅದೇ ಅಳತೆ. ಒಂದು ರೊಟ್ಟಿ ಒಬ್ಬನಿಗೆ. ಬಡಿತ ಶುರುವಾದಾಗ ಉಸಿರು ಎಳೆದುಕೊಂಡು ಹುತುತು ಹಿಡಿಯಬೇಕು, ಬಡಿತ ನಿಲ್ಲುವ ತನಕ ಕಡಿಯಬಾರದು. ಗೆದ್ದವನ ರೊಟ್ಟಿಗೆ ಬೆಣ್ಣೆ. ಸೋತವನಿಗೆ ಒಣ ರೊಟ್ಟಿ, ಒಂದು ಉಳ್ಳಾಗಡ್ಡಿ.

ಮೊದಲ ವಾರ ಎಲ್ಲರೂ ಉಳ್ಳಾಗಡ್ಡಿಯನ್ನೇ ತಿಂದರು.

ಶಿವಗಂಗವ್ವನಿಗೆ ಇದು ಬೇಡದ ಕೆಲಸ. ಮನೆಯ ಹಿಟ್ಟು, ಮನೆಯ ಬೆಣ್ಣೆ, ತನ್ನ ರಟ್ಟೆ. ಹೊರಗೆ ಹೆಸರು ವಸ್ತಾದರದು. ಆದರೆ ಆಕೆ ಸುಮ್ಮನೆ ಬಡಿಯುವವಳಲ್ಲ. ಒಂದು ದಿನ ಸೋಮಪ್ಪ, ಕಾಕೂನ ರೊಟ್ಟಿಯ ಅಂಚು ಎಮ್ಮೆಯ ತುಟಿಯಷ್ಟು ದಪ್ಪ ಅಂದದ್ದು ಗೋಡೆಯಾಚೆಯಿಂದ ಕೇಳಿತು. ಮರುದಿನ ಅವನ ಸರದಿ ಬಂದಾಗ ಅಂಚನ್ನು ಬಡಿದಳು. ಮತ್ತೆ ಬಡಿದಳು. ಎಲೆಯ ಹಾಗೆ ಆಗುವ ತನಕ ಬಡಿದಳು. ಗೋಡೆಯಾಚೆ ಹುತುತು ಸಣ್ಣದಾಯಿತು, ಕೀರಲಾಯಿತು, ಸೀಟಿ ಹೊಡೆದಂತಾಯಿತು. ಆದರೆ ಕಡಿಯಲಿಲ್ಲ. ಬೆಣ್ಣೆ ಕೊಡಬೇಕಾಯಿತು.

ಆಗ ಆಕೆಗೆ ಹೊಳೆಯಿತು. ಇವುಕ್ಕ ಉಸುರು ಐತಿ. ಅದು ಇವುಕ್ಕ ಗೊತ್ತಿಲ್ಲ.

ಅಂದಿನಿಂದ ಎಲ್ಲರ ರೊಟ್ಟಿಯನ್ನೂ ಬೆಳೆಸಿದಳು. ಒಮ್ಮೆಲೇ ಅಲ್ಲ. ಹಿಟ್ಟು ಅಷ್ಟೇ, ರೊಟ್ಟಿ ಮಾತ್ರ ದಿನಕ್ಕೊಂದಿಷ್ಟು ತೆಳ್ಳಗೆ, ದಿನಕ್ಕೊಂದಿಷ್ಟು ಅಗಲ. ಹಳೆಯ ಜೋಳವಾದರೆ ಇಷ್ಟು ಎಳೆದರೆ ಬಿರಿಯುತ್ತದೆ. ಹೊಸ ಜೋಳಕ್ಕೆ ಜಿಗಿ ಇರುತ್ತದೆ, ಎಸರು ಕುದಿಯುವಾಗ ಹಿಟ್ಟು ನಾದಿದರೆ ಎಷ್ಟು ಬಡಿದರೂ ಬರುತ್ತದೆ. ಹುಡುಗರು ನಿನ್ನೆಯಷ್ಟೇ ಉಸಿರು ಹಿಡಿದೆವು ಅಂದುಕೊಂಡರು. ಅಲ್ಲಪ್ಪ ಓಣಿಯಲ್ಲಿ ಮೀಸೆ ತಿರುವಿದ. ಕಲಿಸೂದಂದ್ರ ಹಿಂಗ ಅಂದ. ಅವನಿಗೆ ಏನೂ ಗೊತ್ತಿಲ್ಲ ಅಂತ ಶಿವಗಂಗವ್ವ ಒಲೆಯ ಮುಂದೆ ಒಬ್ಬಳೇ ನಗುತ್ತಿದ್ದಳು.

ಯುಗಾದಿ ಕಳೆದ ಮೇಲೆ ಯಮಕನಮರಡಿಗೆ ಆಡಲು ಹೋದರು. ಗೆದ್ದೇ ಬರುತ್ತಾರೆ ಅಂತ ಲಕ್ಕವ್ವ ಕೊಬ್ಬರಿ ಬೆಲ್ಲ ತೆಗೆದಿಟ್ಟಿದ್ದಳು. ಗಾಡಿ ಬಂತು. ಎತ್ತುಗಳ ಕೊರಳ ಗೆಜ್ಜೆ ಬಿಟ್ಟರೆ ಯಾರ ಸದ್ದೂ ಇಲ್ಲ. ಮೂಡಲಗಿಗಿಂತ ಕೆಟ್ಟದಾಗಿ ಸೋತಿದ್ದರು.

ಸೋತ ದಿನ ಅಲ್ಲಪ್ಪ ಯಾರಿಗೂ ಪಾಠ ಹೇಳುತ್ತಿರಲಿಲ್ಲ. ಕಿವಿ ತುಂಬ ಧೂಳ ಇರತೈತಿ, ಏನೂ ಕೇಳಂಗಿಲ್ಲ ಅನ್ನುತ್ತಿದ್ದ. ಮರುದಿನ ಹುಡುಗರನ್ನು ಕೂರಿಸಿ ಕೇಳಿದ. ಸೋಮಪ್ಪ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದ. ಬೀರಸಿದ್ದಪ್ಪ ನೆಲ ಕೆರೆಯುತ್ತ ಹೇಳಿದ.

"ಉಸುರು ಐತ್ರಿ ವಸ್ತಾದ್ರ. ಬಡಿತ ಇಲ್ಲ. ಬಡಿತ ಇಲ್ಲದ ಎಲ್ಲಿ ನಿಂದರಬೇಕು ಅನ್ನೂದು ತಿಳಿಯಂಗಿಲ್ಲರಿ."

ಅವನು ಗೆರೆ ದಾಟಿ ಹೋದವನು ಕಣ್ಣು ಮುಚ್ಚಿ ಕಾಕೂನ ರೊಟ್ಟಿಯನ್ನು ನೆನೆಸಿಕೊಂಡಿದ್ದನಂತೆ. ಕಣ್ಣು ಮುಚ್ಚಿದವನನ್ನು ಯಮಕನಮರಡಿಯವರು ಆರಾಮಾಗಿ ಕಾಲು ಹಿಡಿದು ಮಲಗಿಸಿದರಂತೆ.

ಅಲ್ಲಪ್ಪ ತಾನೇ ಚಪ್ಪಾಳೆ ತಟ್ಟಿ ನೋಡಿದ. ಹುಡುಗರಿಗೆ ನಗು ಬಂತು, ಉಸಿರು ಬರಲಿಲ್ಲ. ಲಕ್ಕವ್ವನನ್ನು ಕರೆದು ರೊಟ್ಟಿ ಬಡಿಯಲು ಹಚ್ಚಿದ. ಲಕ್ಕವ್ವನ ಕೈ ಜೋರು, ಸೊಸೆಯ ಮೇಲಿನ ಸಿಟ್ಟೆಲ್ಲ ಹಿಟ್ಟಿನ ಮೇಲೆ. ಅದಕ್ಕೆ ಹುತುತು ಹೇಳಹೋಗಿ ಒಬ್ಬನಿಗೆ ಬಿಕ್ಕಳಿಕೆ ಹತ್ತಿತು.

ಶಿವಗಂಗವ್ವನೇ ಹುಕ್ಕೇರಿಗೆ ಬರಬೇಕು. ಬೇರೆ ದಾರಿ ಇಲ್ಲ. ಆದರೆ ಗಂಡಸರು ಚಡ್ಡಿ ಕಟ್ಟಿ ಆಡುವ ಬಯಲಿಗೆ ಹೆಂಗಸು ಹೋಗಿ ನಿಲ್ಲುವುದುಂಟೇ? ಅದನ್ನು ಅವಳಿಗೆ ಹೇಳುವುದು ಹೇಗೆ? ಎರಡು ದಿನ ಅಲ್ಲಪ್ಪ ಒಲೆಯ ಸುತ್ತ ಸುಳಿದಾಡಿದ. ಕಟ್ಟಿಗೆ ಒಡೆದು ಕೊಟ್ಟ. ನೀರು ಸೇದಿದ. ಎಮ್ಮೆಯ ಮೈ ತೊಳೆದ. ಕೊನೆಗೆ ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡುತ್ತ ಹೇಳಿದ.

"ಹುಕ್ಕೇರಿ ಗಾಳಿ ಭಾಳ ಚಲೋ ಐತಿ ಅಂತಾರ."

"ಅದಕ್ಕ?"

"ಒಮ್ಮಿ ಬಂದು ನೋಡೀಯಂತ."

"ಗಾಳಿ ನೋಡಾಕ ಕಲ್ಲು, ಹಂಚು ಹೊತ್ಕೊಂಡು ಬರಲ್ಯೋ, ಬರೇ ಕೈಲೆ ಬರಲ್ಯೋ?"

ಬರಲು ಆಕೆ ಒಂದು ಕರಾರು ಹಾಕಿದಳು. ಹುಕ್ಕೇರಿಯ ಆಟ ಮುಗಿಯುವ ತನಕ ಮೀಸೆಗೆ ಬೆಣ್ಣೆ ಇಲ್ಲ. ಅವನು ಗಡಿಗೆಯ ಕಡೆ ನೋಡಿದ, ಆಕೆಯ ಕಡೆ ನೋಡಿದ, ಹೂಂ ಅಂದ. ಮೀಸೆ ಆ ತಿಂಗಳು ಕಸಬರಿಗೆಯಂತೆ ಒರಟಾಗಿ ನಿಂತಿತ್ತು.

ಬಯಲಿಗೆ ಹೆಂಗಸು ಹೋಗಿ ನಿಲ್ಲಬಾರದು. ಆದರೆ ಒಲೆ ಹೂಡಿ ರೊಟ್ಟಿ ಬಡಿಯುವ ಹೆಂಗಸನ್ನು ಏಳು ಅನ್ನುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹುಕ್ಕೇರಿಯ ಬಯಲಿನ ಅಂಚಿಗೆ ಒಂದು ಬೇವಿನ ಮರ. ಶಿವಗಂಗವ್ವ ಮತ್ತು ಲಕ್ಕವ್ವ ಅದರ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದರು. ಕೇಳಿದವರಿಗೆ, ನಮ್ಮ ಹುಡುಗರಿಗೆ ಬುತ್ತಿ ಅಂದರು. ಶಿವಗಂಗವ್ವ ಬಯಲಿಗೆ ಬೆನ್ನು ಮಾಡಿ ಕೂತಳು. ಸೆರಗು ಎಳೆದುಕೊಂಡಳು. ಆಟವನ್ನು ಆಕೆ ಕಣ್ಣಲ್ಲಿ ನೋಡಲಿಲ್ಲ, ಬೆನ್ನಲ್ಲಿ ಕೇಳಿದಳು.

ಭೀಮರಾಯ ಗೆರೆ ಹಾಕಿಸಿದ. ಮೊದಲು ಬೀರಸಿದ್ದಪ್ಪ ಹೋದ. ಉಂಡೆ ಕಲ್ಲಿಗೆ ಬಿತ್ತು. ಪಟಪಟ ಪಟಪಟ. ಹಿಂದಿನಿಂದ ಹುತುತುತು ದೂರ ಹೋಯಿತು, ಹತ್ತಿರ ಬಂತು. ಜನ ಓ ಅಂದರು. ಒಬ್ಬ ಸತ್ತ, ಹುಕ್ಕೇರಿಯವ ಅಂತ ಲಕ್ಕವ್ವ ಹೇಳಿದಳು. ಆಕೆಯ ಕೆಲಸ ಅದೇ, ನಿಂತು ನೋಡಿ ಹೇಳುವುದು. ಇನ್ನೊಂದು ರೊಟ್ಟಿ. ಇನ್ನೊಬ್ಬ ಸತ್ತ.

ಶಿದ್ಲಿಂಗಪ್ಪ ಪೆದ್ದನಲ್ಲ. ಮೂರನೇ ರೊಟ್ಟಿಗೆ ಅವನಿಗೆ ತಿಳಿಯಿತು. ಭೀಮರಾಯನ ಹತ್ತಿರ ಹೋಗಿ, ಆ ಹೆಂಗಸಿನ ರೊಟ್ಟಿ ನಿಲ್ಲಿಸು ಅಂದ. ಭೀಮರಾಯನಿಗೆ ಆಗಲೇ ಲಕ್ಕವ್ವ ಒಂದು ಬಿಸಿ ರೊಟ್ಟಿ ಮುಟ್ಟಿಸಿದ್ದಳು. ಅವನು ಬಾಯಲ್ಲಿದ್ದದ್ದನ್ನು ನುಂಗಿ ತೀರ್ಪು ಕೊಟ್ಟ. "ರೊಟ್ಟಿ ಗೆರಿ ದಾಟಿಲ್ಲ. ಆಡ್ರಿ."

ಆಗ ಶಿದ್ಲಿಂಗಪ್ಪ ಹಲಗಿ ತರಿಸಿದ. ನಾಲ್ಕು ಮಂದಿ ಬೇವಿನ ಮರದ ಬಾಜೂಕ್ಕೇ ನಿಂತು ಹಲಗಿ ಬಾರಿಸತೊಡಗಿದರು. ಬಡಿತ ಮುಳುಗಿತು. ಮೇಲವಂಕಿಯವರು ಒಬ್ಬರ ಹಿಂದೆ ಒಬ್ಬರು ಸಾಯತೊಡಗಿದರು. ಸೋಮಪ್ಪ ಸತ್ತು ಹೊರಗೆ ಬಂದು ಕೂತು ಹಲಗಿಯವರಿಗೆ ಬೈದ. ಅವನ ಬೈಗುಳವೂ ಹಲಗಿಯಲ್ಲಿ ಮುಳುಗಿತು.

ಶಿವಗಂಗವ್ವ ಹಲಗಿಯವರ ಕಡೆ ತಿರುಗಿ ನೋಡಿದಳು. ಮುಂಜಾನೆಯಿಂದ ಉಂಡ ಮುಖಗಳಲ್ಲ.

"ಲಕ್ಕವ್ವ, ಅವರಿಗೆ ರೊಟ್ಟಿ ಕೊಡು," ಅಂದಳು. "ಖಾರ ಹಿಂಡಿ ಹಚ್ಚಿ ಕೊಡು. ಎರಡೂ ಕೈಲೆ ಹಿಡಿಯುವಂಥಾದ್ದು ಕೊಡು."

ಬಾರಿಸುವವರು ಒಬ್ಬರ ಮುಖ ಒಬ್ಬರು ನೋಡಿದರು. ರೊಟ್ಟಿಯಿಂದ ಹಬೆ ಏಳುತ್ತಿತ್ತು. ಮೊದಲು ಒಂದು ಹಲಗಿ ನಿಂತಿತು. ಮತ್ತೊಂದು ನಿಂತಿತು. ಎರಡೂ ಕೈಯಲ್ಲಿ ರೊಟ್ಟಿ ಹಿಡಿದವನು ಹಲಗಿ ಯಾವುದರಿಂದ ಬಾರಿಸುತ್ತಾನೆ? ಹಿಂಡಿಯ ಖಾರಕ್ಕೆ ಬಾಯಿ ಉರಿದು ಇನ್ನೊಂದು ರೊಟ್ಟಿ ಬೇಕಾಯಿತು. ಕೊಟ್ಟಳು. ಶಿದ್ಲಿಂಗಪ್ಪ ಆಚೆಯಿಂದ ಕೂಗುತ್ತಿದ್ದ. ಅವರು ತಲೆ ಅಲ್ಲಾಡಿಸುತ್ತ ಅಗಿಯುತ್ತಿದ್ದರು.

ಹಲಗಿ ನಿಂತಿತು. ಆದರೆ ಹಿಟ್ಟು ಮುಗಿಯಿತು. ಶಿವಗಂಗವ್ವ ಕೈ ಹಾಕಿದಾಗ ಒಂದೇ ಉಂಡೆ ಇತ್ತು, ಅದೂ ಸಣ್ಣದು. ಬಯಲಿನಲ್ಲಿಯೂ ಅಷ್ಟೇ ಉಳಿದಿತ್ತು. ಮೇಲವಂಕಿಯ ಕಡೆ ಬೀರಸಿದ್ದಪ್ಪ ಒಬ್ಬನೇ. ಹುಕ್ಕೇರಿಯ ಕಡೆ ಇಬ್ಬರು. ಸರದಿ ಬೀರಸಿದ್ದಪ್ಪನದು.

ಆಕೆ ಉಂಡೆಯನ್ನು ಕಲ್ಲಿನ ಮೇಲೆ ಇಟ್ಟಳು. ಬಡಿದಳು. ಅವನು ಹೋದ. ಹುತುತುತುತು.

ಒಬ್ಬನ್ನ ಮುಟ್ಟಿದ, ಅಂದಳು ಲಕ್ಕವ್ವ. ಆಮೇಲೆ ಆಕೆಯ ದನಿ ಇಳಿಯಿತು. "ಹಿಡದ್ರು ಶಿವಗಂಗಿ. ಇಬ್ಬರೂ ಹಿಡದ್ರು. ಕೆಡವ್ಯಾರ."

ಬಿದ್ದವನ ಬಾಯಿಂದ ಹುತುತು ಇನ್ನೂ ಬರುತ್ತಿತ್ತು, ಮಣ್ಣೊಳಗಿಂದ ಬಂದ ಹಾಗೆ. ರೊಟ್ಟಿ ಆಗಿಹೋಗಿತ್ತು. ಹಂಚಿಗೆ ಹಾಕುವ ಹೊತ್ತು. ಹಾಕಿದರೆ ಸದ್ದು ನಿಲ್ಲುತ್ತದೆ. ಆಕೆ ಹಾಕಲಿಲ್ಲ. ಬಡಿದಳು. ರೊಟ್ಟಿ ಅಗಲವಾಯಿತು, ಕಲ್ಲಿನ ಅಂಚು ಮುಟ್ಟಿತು. ಬಡಿದಳು. ನಡುವೆ ತೂತು ಬಿತ್ತು. ತೂತಿನಲ್ಲಿ ಅಂಗೈ ಬರಿಯ ಕಲ್ಲಿಗೆ ಬಡಿಯಿತು. ಮತ್ತೊಂದು ತೂತು ಬಿತ್ತು.

"ಎಳಕೊಂಡ ಬರಾಕತ್ತಾನ. ಇಬ್ಬರನ್ನೂ ಎಳಕೊಂಡ ಬರಾಕತ್ತಾನ. ಗೆರಿ ಇನ್ನ ಒಂದ ಮೊಳ ಐತಿ."

ಅಂಗೈ ಉರಿಯುತ್ತಿತ್ತು. ಅವನಿಗೆ ಗೊತ್ತಿದ್ದದ್ದು ಇಷ್ಟೇ, ಕಾಕೂನ ರೊಟ್ಟಿ ಇನ್ನೂ ಆಗಿಲ್ಲ. ಆಗುವ ತನಕ ಕಡಿಯಬಾರದು. ಆಕೆ ಬಡಿದಳು, ಅವನು ಎಳೆದ. ಆಮೇಲೆ ಹಿಂದೆ ಜನ ಎದ್ದ ಸದ್ದು ಬಂತು, ಲಕ್ಕವ್ವ ಆಕೆಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಗೆರೆಗೆ ಅವನ ಬೆರಳು ತಾಗಿತ್ತು. ಹಿಡಿದ ಇಬ್ಬರೂ ಸತ್ತಿದ್ದರು.

ಶಿವಗಂಗವ್ವ ಆಗ ಕೈ ನಿಲ್ಲಿಸಿದಳು. ತೂತಿನ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅನ್ನ, ಚೆಲ್ಲಬಾರದು.

ನಾಪಿತ ಬಂದ. ಶಿದ್ಲಿಂಗಪ್ಪ ಮಾತಿಗೆ ತಪ್ಪುವವನಲ್ಲ. ಬಂದು ಕೂತ, ಮುಖ ಎತ್ತಿ ಕೊಟ್ಟ. ಕತ್ತಿ ಒಂದು ಕಡೆಯ ಮೀಸೆ ತೆಗೆಯುವಷ್ಟರಲ್ಲಿ ಅಲ್ಲಪ್ಪನಿಗೆ ತಡೆಯಲಾಗಲಿಲ್ಲ. ಸಾಕು ಬಿಡಪಾ, ಇನ್ನೊಂದು ಇರಲಿ, ನಾ ಕ್ಷಮಾ ಮಾಡೇನಿ ಅಂದ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡ. ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು. ಒಂದು ಕಡೆ ಹೋರಿಯ ಕೋಡು, ಇನ್ನೊಂದು ಕಡೆ ಬರೀ ತುಟಿ.

ಶಿದ್ಲಿಂಗಪ್ಪ ಹೇಳಿದ. "ಅಲ್ಲಪ್ಪ, ಸಿಟ್ಟಿನಾಗ ಪೂರಾ ತಗೊಂಡಿದ್ರ ಚಲೋ ಇತ್ತು. ನಿನ್ನ ದಯಾ ನನ್ನ ಕೊಲ್ಲತೈತಿ." ಉಳಿದದ್ದನ್ನು ತಾನೇ ಕೇಳಿ ತೆಗೆಸಿಕೊಂಡ.

ಗಾಡಿಯಲ್ಲಿ ಮರಳುವಾಗ ಅಲ್ಲಪ್ಪ ಆ ಕೊನೆಯ ರೊಟ್ಟಿಯನ್ನು ಬಿಚ್ಚಿ ನೋಡಿದ. ಅದರ ಒಂದು ತೂತಿನಿಂದ ಹೆಂಡತಿಯನ್ನು ನೋಡಿದ.

"ಏನಿದು, ಎಲ್ಲಾ ತೂತ ಬಿದ್ದಾವ?"

"ನಿಮ್ಮ ಮೀಸಿ ಅದರಾಗಿಂದ ಪಾರಾಗಿ ಬಂದೈತಿ," ಅಂದಳು ಆಕೆ.

ಅವನು ಉಂಡ. ಊರಿಗೆ ಬಂದು, ನಾ ಹೆಂಗ ಕಲಿಸಿದೆ ನೋಡ್ರಿ ಅಂದ. ಮರುದಿನ ಬೆಣ್ಣೆಯ ಗಡಿಗೆಗೆ ಬೆರಳು ಬಂತು. ಆಕೆ ಆ ಒಂದು ದಿನ ನೋಡಿಯೂ ನೋಡದ ಹಾಗೆ ಇದ್ದಳು.

ಆಮೇಲೆ ಕೆಲವು ಸುಗ್ಗಿ ಹೋದವು. ಗೆದ್ದದ್ದು ಉಂಟು, ಸೋತದ್ದು ಹೆಚ್ಚು. ಹುಡುಗರು ಬಡಿತವನ್ನು ಮನಸ್ಸಿನಲ್ಲಿ ಕೇಳಲು ಕಲಿತರು, ಅದಕ್ಕೆ ಒಂದು ಪೂರ್ತಿ ವರ್ಷ ಹಿಡಿಯಿತು. ರೊಟ್ಟಿ ಬೆಳೆಯುತ್ತಲೇ ಇತ್ತು. ಹಂಚು ಸಾಲದೆ ದೊಡ್ಡದು ತಂದರು. ಆಮೇಲೆ ಆ ಬಾವಿಯ ಹೊಲ, ಆ ಒಡ್ಡು.

ಮಣ್ಣಿಗೆ ಜನ ಬಂದರು. ಮಣ್ಣು ಮಾಡಿ ಮರಳಿದ ಮೇಲೆ, ಹೊತ್ತು ಇಳಿಯುವಾಗ ಹುಕ್ಕೇರಿಯ ಗಾಡಿ ಬಂದು ನಿಂತಿತು. ಇಳಿದವನು ಶಿದ್ಲಿಂಗಪ್ಪ. ಮೊದಲು ಯಾರಿಗೂ ಗುರುತು ಹತ್ತಲಿಲ್ಲ. ಅವನ ಮೀಸೆ ತಿರುಗಿ ಬೆಳೆದು ಹಳೆಯ ಕೋಡಿನಂತೆಯೇ ಆಗಿತ್ತು ಅಂತ ಎಲ್ಲರೂ ಕೇಳಿದ್ದರು. ಅಂದು ಅವನ ತುಟಿ ಬೋಳಾಗಿತ್ತು. ಹೊಸದಾಗಿ ಕತ್ತಿ ಆಡಿಸಿದ್ದು ಕಾಣುತ್ತಿತ್ತು. ಒಂದು ಕಡೆ ಗಾಯವಾಗಿತ್ತು. ತಾನೇ ತೆಗೆದುಕೊಂಡಿದ್ದನೋ ಏನೋ.

ಹಿರಿಯರೊಬ್ಬರು, ನಮ್ಮೊಳಗೆ ಈ ರೂಢಿ ಇಲ್ಲಲ್ಲಪಾ ಅಂದರು. ರೂಢಿ ಇಲ್ಲರಿ, ಅವನ ದಯಾದ ಬಾಕಿ ಇತ್ರಿ ಅಂದ ಅವನು. ಶಿವಗಂಗವ್ವ ಅವನ ತುಟಿ ನೋಡಿದಳು. ಅಳುತ್ತಿದ್ದವಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ನೋಡಿದವರು ಅಳು ಹೆಚ್ಚಾಯಿತು ಅಂದುಕೊಂಡರು.

ಬೀರಸಿದ್ದಪ್ಪ ಮೂರು ದಿನ ಹೊಸ್ತಿಲ ಹೊರಗೆ ಕೂತಿದ್ದ. ನಾಲ್ಕನೇ ದಿನ ಹೇಳಿದ.

"ಕಾಕೂ, ವಸ್ತಾದ್ರಿಗೆ ಗೊತ್ತಿತ್ತು."

"ಏನ ಗೊತ್ತಿತ್ತು?"

"ರೊಟ್ಟಿ ದೊಡ್ಡದು ಮಾಡಾಕತ್ತೀರಿ ಅನ್ನೂದು. ಮೊದಲ ಸುಗ್ಗಿಯಿಂದ ಗೊತ್ತಿತ್ತು. ದಿನಾ ಗೇಣಲೇ ಅಳೀತಿದ್ರು. ಆಕಿಗೆ ಹೇಳಬ್ಯಾಡ್ರಿ, ನನಗ ಗೊತ್ತಾತು ಅಂದ್ರ ಹಟಕ್ಕ ಸಣ್ಣದು ಮಾಡ್ತಾಳ ಅಂದಿದ್ರು."

ಶಿವಗಂಗವ್ವ ಸತ್ತ ಗಂಡನಿಗೆ ಒಂದು ಬೈಗುಳ ಬೈದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಉಪವಾಸ ಇದ್ದವನಿಗೆ ಬೈಬ್ಯಾಡ ಅಂತ ಅವನೇ ಹೇಳಿದ್ದ. ಅವನು ಬುತ್ತಿಯ ಗಂಟು ಬಿಚ್ಚದೆ ಹೋಗಿದ್ದ. ಆದರೂ ಬೈದಳು.

ಈಗ ಪಡೆಯನ್ನು ಬೀರಸಿದ್ದಪ್ಪ ನೋಡಿಕೊಳ್ಳುತ್ತಾನೆ. ಹುಡುಗರು ಹೊಸಬರು. ಬೆಳಕು ಹರಿಯುವಾಗ ಬಂದು ಹಿತ್ತಲ ಗೋಡೆಯಾಚೆ ಸಾಲಾಗಿ ನಿಲ್ಲುತ್ತಾರೆ, ಕರೆಯುವುದಿಲ್ಲ, ಕೆಮ್ಮುವುದೂ ಇಲ್ಲ. ಶಿವಗಂಗವ್ವ ಒಲೆಗೆ ಬೆಂಕಿ ಮಾಡುತ್ತಾಳೆ. ಎಸರು ಕುದಿಯುವಾಗ ಹಿಟ್ಟು ನಾದುತ್ತಾಳೆ. ಬೆಣ್ಣೆಯ ಗಡಿಗೆಯ ಮುಚ್ಚಳ ತೆಗೆದು ಬಾಜೂ ಇಡುತ್ತಾಳೆ. ಬೆಣ್ಣೆಯ ಮೇಲೆ ಬೆರಳಿನ ಗುರುತು ಇರುವುದಿಲ್ಲ. ಮೊದಲ ಉಂಡೆ ಕಲ್ಲಿಗೆ ಬೀಳುತ್ತದೆ, ಆಚೆ ಹುತುತು ಏಳುತ್ತದೆ. ನಿನ್ನೆಯದಕ್ಕಿಂತ ಒಂದು ಬೆರಳು ಅಗಲ ಆಗುವ ತನಕ ಬಡಿಯುತ್ತಾಳೆ.